ಬನದಲ್ಲಿ ಬಾಣಂತಿ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಮರ್ಯಾದೆ ಸಿಗಬೇಕಾದರೆ ನೀವು ಅಳಿವಿನಂಚಿಗೆ ಬಂದಿರಬೇಕು! ನನ್ನಂಥವರು ವಾಮದಪದವಿನಿಂದ ಮೂಡುಬಿದಿರೆಯವರೆಗೆ ಬೇಕಾದಷ್ಟು ಇರುವುದರಿಂದ ಅಲ್ಲಿ ನನಗೆ ಒಂದು ಲೋಟ ಚಹಾ ಸಿಗುವುದೂ ಕಷ್ಟ.

ಕಳೆದ ಮಳೆಗಾಲದಲ್ಲಿ ಹೋದವನು ಸ್ನಾನಕ್ಕೆ ಹೊರಟೆ. ದೊಡ್ಡಮ್ಮ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು.

"ಬಾಲ್ದಿ ಮುಟ್ಟಬೇಡ. ಕಪ್ಪೆ ಮೊಟ್ಟೆ ಇಟ್ಟಿದೆ."

"ಹಾಗಾದರೆ ನಾನು ಎಲ್ಲಿ ಮೀಯುವುದು?"

"ಹೊರಗೆ ಮಳೆ ಬರ್ತಾ ಉಂಟಲ್ಲ! ಈ ಕಪ್ಪೆ ಮೂರು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ನೀನಾದರೆ ತಿಂಗಳು ತಿಂಗಳು ಬರ್ತೀ."

ಟವೆಲ್ ಸುತ್ತಿಕೊಂಡು ಅಂಗಳದ ಮಳೆಯಲ್ಲೇ ಮಿಂದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಏನು, ಹರಕೆಯಾ?" ಎಂದು ವಿಚಾರಿಸಿದರು.

ಇಂಥ ದೊಡ್ಡಮ್ಮನ ಎದುರು, ನಮ್ಮ ಕುಟುಂಬದ ನಾಗಬನದ ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ ಟೈಲ್ಸ್ ಹಾಕಿಸುವ ಪ್ರಸ್ತಾಪ ಇಟ್ಟ ಮಹಾಶೂರ ನಾನೇ. ಮುಂಡಾಜೆಯ, ತೋಡಾರಿನ ನೆಂಟರೆಲ್ಲ ಒಪ್ಪಿದ್ದರು. ಸುತ್ತಲಿನ ಬನಗಳೆಲ್ಲ ಫಳಫಳ ಹೊಳೆಯುವಾಗ ನಮ್ಮದು ಮಾತ್ರ ಕಾಡಿನ ಹಾಗಿದ್ದರೆ ಹೇಗೆ?

"ಟೈಲ್ಸ್ ಯಾರಿಗೆ?" ದೊಡ್ಡಮ್ಮ ಕೇಳಿದರು.

"ನಾಗನಿಗೆ, ದೊಡ್ಡಮ್ಮ."

"ಮಧ್ಯಾಹ್ನದ ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ನೀನೊಮ್ಮೆ ಬರಿಗಾಲಲ್ಲಿ ನಿಲ್ಲು. ಅವನಿಗೆ ಕಾಲೂ ಇಲ್ಲ ಮಾರಾಯ, ಹೊಟ್ಟೆಯಲ್ಲೇ ಹೋಗ್ಬೇಕು!"

ಎಲ್ಲರೂ ನಕ್ಕರು. ತೀರ್ಮಾನ ಮಾತ್ರ ಬದಲಾಗಲಿಲ್ಲ. ಈ ಬೇಸಗೆಯಲ್ಲಿ ಮರ ಕಡಿಯುವವರನ್ನು ಕರೆದುಕೊಂಡು ಹೋದರೆ, ದೊಡ್ಡಮ್ಮ ಬನದ ದೊಡ್ಡ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದಾರೆ!

"ಮೆಷಿನ್ ಶಬ್ದ ಮಾಡಬೇಡಿ. ಒಳಗೆ ಬಾಣಂತಿ ಇದ್ದಾಳೆ."

ಮರದೊಳಗೆ ಬಾಣಂತಿಯೇ? ಮೆಷಿನ್ ಹಿಡಿದವನು ಇದು ಯಾವುದೋ ದೈವದ ವಿಷಯವೆಂದು ಹೆದರಿ ಹಿಂದೆ ಸರಿದ. ಅಷ್ಟರಲ್ಲಿ ಮಂಗಟ್ಟೆ ಹಕ್ಕಿಯೊಂದು ಹಾರಿ ಬಂದು, ಕೊಕ್ಕಿನಲ್ಲಿದ್ದ ಹಣ್ಣನ್ನು ಕಾಂಡದ ಸಣ್ಣ ಸೀಳಿನೊಳಗೆ ಕೊಟ್ಟಿತು. ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಮರಿ ಮಾಡುತ್ತದಂತೆ. ಅಷ್ಟು ದಿನವೂ ಗಂಡನೇ ಊಟ ತರಬೇಕಂತೆ.

"ನೋಡಿ ಕಲಿ," ಎಂದರು ದೊಡ್ಡಮ್ಮ, ನನ್ನ ಕಡೆ ತಿರುಗಿ.

"ಬಾಣಂತನ ಮುಗಿಯಲಿ, ಆಮೇಲೆ ಬರುವ," ಎಂದು ಮರ ಕಡಿಯುವವರು ಹೊರಟೇ ಹೋದರು.

ಮಳೆ ಹಿಡಿಯುವ ಮುಂಚೆ ಮರಿ ಹಾರಿದ ಸುದ್ದಿ ಬಂತು. ಈ ಸಲ ಏನು ನೆಪ ತೆಗೆಯುತ್ತಾರೆ ನೋಡುವ ಎಂದು ಅವರನ್ನೇ ಮತ್ತೆ ಕರೆದುಕೊಂಡು ಹೋದೆ. ಕುರ್ಚಿ ಇರಲಿಲ್ಲ, ಗದರಿಕೆಯೂ ಇಲ್ಲ. ದೊಡ್ಡಮ್ಮ ಮರಕ್ಕೆ ಒರಗಿ ನಿಂತಿದ್ದರು.

"ಪೊಟರೆ ಇರುವ ಬೇರೆ ಮರ ಉಂಟಾ ಅಂತ ಊರಿಡೀ ಹುಡುಕಿದೆ ಮಗಾ. ಎಲ್ಲ ಕಡೆ ರಬ್ಬರು. ನಾನು ಮದುವೆಯಾಗಿ ಬಂದಾಗ ಈ ಹಕ್ಕಿಗಳು ಎಷ್ಟಿದ್ದವು! ಈಗ ಇದೊಂದೇ ಜೋಡಿ. ಬರುವ ವರ್ಷ ಬಂದು ನೋಡಿದರೆ ಮನೆಯೇ ಇಲ್ಲ ಅಂತಾದರೆ ಅವು ಎಲ್ಲಿಗೆ ಹೋಗ್ಬೇಕು?"

ಹಾಗೆಂದವರು, ಯಾರಿಗೂ ತಲೆ ತಗ್ಗಿಸದ ನಮ್ಮ ದೊಡ್ಡಮ್ಮ, ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡವರು, ನನಗೆ ಕೈಮುಗಿದರು.

ನಾಚಿಕೆಯಿಂದ ಸತ್ತೇಹೋದೆ. ಆ ಎರಡೂ ಕೈಗಳನ್ನು ಹಿಡಿದು ಬಿಡಿಸಿದೆ. ನೆಂಟರಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಮರ ಕಡಿಯುವವರಿಗೆ ಮಾತ್ರ, ಹೋಗಿ, ಇನ್ನು ಬರಬೇಡಿ ಎಂದೆ.