ಹಿಂದಿನ ಬೆಂಚಿನ ಮಹಾಸಂಗ್ರಾಮ

ಅಕ್ಷರಗಳ ಒಡತಿಯೇ, ಎಂಟನೆಯ ತರಗತಿ ಬಿ ವಿಭಾಗದ ಗದ್ದಲದಲ್ಲಿಯೂ ವೀಣೆಯ ಶ್ರುತಿ ಕೆಡಿಸಿಕೊಳ್ಳದ ತಾಯಿಯೇ, ಈ ಬಡ ಕಥೆಗಾರನ ನಾಲಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ರಾಜ್ಯಕ್ಕಾಗಿ ಕಾದಾಡಿದವರನ್ನು ಬೇಕಾದಷ್ಟು ಜನ ಹಾಡಿದ್ದಾರೆ. ನಾನು ಹಾಡಹೊರಟಿರುವುದು ಒಂದು ಬೆಂಚಿಗಾಗಿ ಕಾದಾಡಿದ ವೀರನನ್ನು. ಅದು ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಶಾಲೆಗಳ ಮೇಲೆ ದಂಡೆತ್ತಿ ಬರುವ ಪುಣ್ಯಕಾಲ. ಅವರು ಗೇಟು ದಾಟಿದೊಡನೆಯೇ ಗದಗ ಸೀಮೆಯ ಆ ಸರಕಾರಿ ಪ್ರೌಢಶಾಲೆಯ ಗುರುವೃಂದವು ತಂತಮ್ಮ ತರಗತಿಗಳನ್ನು ಅವರಿಗೆ ಧಾರೆಯೆರೆದು ಕೊಟ್ಟು, ಸ್ಟಾಫ್ ರೂಮಿನ ಫ್ಯಾನಿನಡಿ ವಾನಪ್ರಸ್ಥ ಸ್ವೀಕರಿಸುವುದು ಅನಾದಿಕಾಲದ ಪದ್ಧತಿ.

ಅಂಥ ಯುಗದಲ್ಲಿ ಅವತರಿಸಿದನು ಫಕ್ಕೀರೇಶ: ಸೀಮೆಸುಣ್ಣಧೂಳಿಧೂಸರಕರಕಮಲನು, ಪಾಠಯೋಜನಾಭಾರವಿನತಸ್ಕಂಧನು, ಇಸ್ತ್ರಿಶೋಭಿತಶ್ವೇತಾಂಬರನು. ಆದರೆ ಆ ಇಸ್ತ್ರಿಯ ಅಂಗಿಯೊಳಗಿನ ಎದೆ ಮಾತ್ರ ಡವಡವ ಎನ್ನುತ್ತಿತ್ತು. ಮೊದಲ ದಿನ ಅವನು ಭಿನ್ನರಾಶಿ ಕೂಡುವುದನ್ನು ಕಲಿಸಿ, “ತಿಳೀತೇನ್ರೋ?” ಎಂದು ಕೇಳಲು, ಇಡೀ ತರಗತಿ “ತಿಳೀತ್ರೀ ಸರ್!” ಎಂದು ಹೆಂಚು ಹಾರುವಂತೆ ಮೊಳಗಿತ್ತು. ಮರುದಿನ ಅದೇ ಲೆಕ್ಕ ಕೊಟ್ಟರೆ ಒಬ್ಬರಿಗೂ ಬರಲಿಲ್ಲ. ಎಲ್ಲಿ ತಪ್ಪಿತೆಂದು ಹೇಳುವವರಿಲ್ಲ, ಏಕೆಂದರೆ ನೋಡಿದವರೇ ಇಲ್ಲ. ಬರುವ ವರ್ಷ ತಾನು ನಿಜವಾದ ಮಾಸ್ತರನಾಗಿ ಯಾವುದೋ ಊರಿನ ಮಕ್ಕಳನ್ನು ಹೀಗೆಯೇ ಕೈಬಿಡುತ್ತೇನೆಂಬ ಭಯ ಅವನನ್ನು ತಿನ್ನುತ್ತಿತ್ತು.

ಆಗ ಅವನಿಗೆ ಅಸ್ತ್ರೋಪದೇಶ ಮಾಡಿದವಳು ಅಕ್ಕ ನೀಲಾಂಬಿಕೆ. ಆಕೆ ದೊಡ್ಡಾಸ್ಪತ್ರೆಯಲ್ಲಿ ಹೌಸ್ ಸರ್ಜನ್.

“ಅಲ್ಲೋ, ನಿಮ್ಮ ಸರ್ ಪಾಠ ಮಾಡೂದು ನೀ ಒಮ್ಮಿನೂ ನೋಡಿಲ್ಲೇನು?” ಎಂದಳು ಆಕೆ, ಅವನ ಗೋಳು ಕೇಳಿ ಊಟದ ನಡುವೆ ಕೈ ತಡೆದು. “ನನಗ ಮೊದಲ ದಿನಾನ ಸೂಜಿ ಕೊಟ್ಟು ಹೊಲಿ ಅಂದಿದ್ರ ಪೇಶಂಟಿನ ಗತಿ ಏನಾಗ್ತಿತ್ತು? ಮೊದಲ ದೊಡ್ಡ ಡಾಕ್ಟರ್ ಮಾಡೂದು ನೋಡ್ತೀವಿ. ಆಮ್ಯಾಲ ಅವರ ಬಾಜೂಕ ನಿಂತು ನಾವು ಮಾಡ್ತೀವಿ. ತಪ್ಪಿದ್ರ ಅಲ್ಲೇ ಕೈ ಹಿಡೀತಾರ.”

ಮರುದಿನ ವೀರನು ಸ್ಟಾಫ್ ರೂಮಿನ ಮೇಲೆ ದಾಳಿಯಿಟ್ಟನು. ಅಲ್ಲಿ ವಿರಾಜಮಾನರಾಗಿದ್ದರು ಅವನ ಮಾರ್ಗದರ್ಶಕ ಸಂಗನಬಸಪ್ಪ ಮಾಸ್ತರರು: ಲಘುತಮಸಾಮಾನ್ಯಾಪವರ್ತ್ಯವಿಶಾರದರು, ಮಧ್ಯಾಹ್ನನಿದ್ರಾವಿಜೇತರು, ಬಿಸಿಚಹಾಚಷಕಹಸ್ತರು. “ಎಲೈ ಆಚಾರ್ಯವರ್ಯಾ! ನಿನ್ನ ವಿದ್ಯೆಯನ್ನು ಕಣ್ಣಾರೆ ಕಾಣದೆ ನಾನಿಲ್ಲಿಂದ ಕದಲುವವನಲ್ಲ! ಏಳು, ಬಳಪವನ್ನೆತ್ತು, ಹಿಂದಿನ ಬೆಂಚು ನನ್ನದು!” ಎಂಬ ಘೋರ ಪ್ರತಿಜ್ಞೆಯನ್ನು ಫಕ್ಕೀರೇಶ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನು. ಬಾಯಿಂದ ಹೊರಬಿದ್ದದ್ದು ಮಾತ್ರ ಇಷ್ಟು:

“ಸರ್, ಇವತ್ತೊಂದಿನ ಪಾಠ ನೀವು ತಗೋತೀರೇನ್ರಿ? ನಾ ಹಿಂದ ಕುಂತು ನೋಡ್ತೇನ್ರಿ.”

ಮಾಸ್ತರರ ಮೀಸೆ ಕುಣಿಯಿತು.

“ನನ್ನ ಪಾಠ ನೋಡ್ತೀ? ತಮ್ಮಾ, ಸಾಹೇಬ್ರು ತಪಾಸಣೆಗೆ ಬಂದಾಗ ಸೈತ ನಾ ಅಂಜಿದಾಂವಲ್ಲ. ಆ ಬೋರ್ಡಿನ ಮ್ಯಾಲ ನಾ ಬರೆದ ಲೆಕ್ಕದಷ್ಟು ಅಗಳು ನೀ ಉಂಡ ಅನ್ನದಾಗ ಇಲ್ಲ!”

“ನಮ್ಮಕ್ಕನ ದವಾಖಾನ್ಯಾಗ ಹಂಗ ಕಲಿಸ್ತಾರಂತ್ರಿ.”

“ಇದೇನ್ ದವಾಖಾನಿ ಏನೋ?”

“ಈ ಹುಡುಗರಿಗೂ ಎಲ್ಲೋ ನೋವೈತ್ರಿ ಸರ್. ನನಗ ಕಾಣವಲ್ದು.”

ಮಾಸ್ತರರು ಕಪ್ಪು ಕೆಳಗಿಟ್ಟು ಎದ್ದರು. ಎಷ್ಟೋ ವರ್ಷಗಳಿಂದ ಅವರ ಬೆನ್ನ ಹಿಂದೆ ಮಕ್ಕಳಲ್ಲದೆ ಬೇರೆ ಯಾರೂ ಕುಳಿತಿರಲಿಲ್ಲ. ವರಾಂಡ ದಾಟುವಷ್ಟರಲ್ಲಿ ಅವರ ಹಣೆ ಬೆವರಿತ್ತು. ನಾನು ಹೇಳಿದೆನೆಂದು ಅವರಿಗೆ ತಿಳಿಸಬೇಡಿ.

ಬೋರ್ಡೆಂಬ ಕೃಷ್ಣಮೇಘದಲ್ಲಿ ಬಳಪವು ಮಿಂಚಿತು. ಅರ್ಧಕ್ಕೆ ಮೂರರಲ್ಲೊಂದನ್ನು ಕೂಡಿಸುವ ಲೆಕ್ಕ, ಲ.ಸಾ.ಅ. ಎಂಬ ಬ್ರಹ್ಮಾಸ್ತ್ರದ ಒಂದೇ ಪ್ರಹಾರಕ್ಕೆ, ಆರರಲ್ಲಿ ಐದಾಗಿ ಧರೆಗುರುಳಿತು. “ತಿಳೀತಿಲ್ಲೋ?” ಎಂದರು ಮಾಸ್ತರರು. “ತಿಳೀತ್ರೀ ಸರ್!” ಎಂದು ದಿಕ್ಕುಗಳು ನಡುಗಿದವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಹಿಂದಿನ ಬೆಂಚಿನಲ್ಲಿ ಫಕ್ಕೀರೇಶನ ಪಕ್ಕದಲ್ಲೇ ಕುಳಿತಿದ್ದ ರೇಣವ್ವ. ಅವಳ ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದ ಉತ್ತರ ಎರಡು ಬೈ ಐದು.

“ಇದು ಹೆಂಗ ಬಂತವ್ವಾ?” ಎಂದು ಅವನು ಮೆಲ್ಲಗೆ ಕೇಳಿದ.

“ಮ್ಯಾಲಿನವು ಮ್ಯಾಲ ಕೂಡಿಸೇನ್ರಿ, ಕೆಳಗಿನವು ಕೆಳಗ.”

“ಮತ್ತ ತಿಳೀತು ಅಂತ ಯಾಕ ಕೂಗಿದಿ?”

“ಎಲ್ಲಾರೂ ಕೂಗಿದ್ರಲ್ರಿ.”

ಮಾತು ಕೇಳಿ ಮಾಸ್ತರರು ಬಂದರು. ನಾಡಿ ಹಿಡಿಯುವವರ ಹಾಗೆ ಆ ಕೈ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಕೇಳಿದ ಅಷ್ಟೂ “ತಿಳೀತ್ರೀ ಸರ್”ಗಳು ಅವರ ಕಿವಿಯಲ್ಲಿ ಒಮ್ಮೆಗೇ ಮೊಳಗಿರಬೇಕು, ಮುಖ ಸಣ್ಣದಾಯಿತು. ಇಲ್ಲಿಯವರೆಗೆ ಅವರನ್ನು ಗೇಲಿ ಮಾಡಿದ ನನಗೂ ಪಾಪ ಅನ್ನಿಸಿತು. ಆಮೇಲೆ ಅವರು ಆ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ, ಹೇಗೋ ತೂರಿಕೊಂಡು ಕುಳಿತರು.

“ರೇಣವ್ವಾ, ಅರ್ಧ ರೊಟ್ಟಿ ತಿಂದಿ. ಮ್ಯಾಲ ಇನ್ನೊಂದು ತುಂಡೂ ತಿಂದಿ. ನಿನ್ನ ಉತ್ತರ ಏನು, ರೊಟ್ಟಿ ಐದು ತುಂಡು ಮಾಡಿದ್ರ ಅದರಾಗ ಎರಡು. ಅದು ಎಷ್ಟಾತು? ಅರ್ಧಕ್ಕ ಹೆಚ್ಚೋ, ಕಡಿಮಿಯೋ?”

ಅವಳು ಬೆರಳು ಮಡಚಿ, ಬಿಚ್ಚಿ ನೋಡಿದಳು. “ಕಡಿಮಿ ಆತಲ್ರೀ! ಇನ್ನಷ್ಟು ತಿಂದ್ರ ಕಡಿಮಿ ಹೆಂಗಾಗ್ತೈತ್ರಿ?”

“ಅದನ್ನ ನಾನೂ ಕೇಳಾಕತ್ತೀನಿ,” ಎಂದರು ಮಾಸ್ತರರು. ಫಕ್ಕೀರೇಶ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಪಾಠವೆಂದರೆ ಏನೆಂದು ಅವನು ಅಂದು ಮೊದಲ ಸಲ ಕಂಡ.

ಮರುದಿನ ಬಳಪ ಹಿಡಿದವನು ಫಕ್ಕೀರೇಶ, ಪಕ್ಕದಲ್ಲಿ ನಿಂತವರು ಮಾಸ್ತರರು. ಅವನು ಅವಸರ ಮಾಡಿದಾಗೆಲ್ಲ ಅವರು ಅವನ ಅಂಗಿಯ ತುದಿ ಜಗ್ಗಿದರು. ಲೆಕ್ಕ ಮುಗಿಯಿತು. ಆಗ ವೀರನು ಉಸಿರು ಬಿಗಿಹಿಡಿದು, ಆ ಶಾಲೆಯ ಗೋಡೆಗಳು ಎಂದೂ ಕೇಳದ ಪ್ರಶ್ನೆಯನ್ನು ಕೇಳಿದನು: “ಯಾರಿಗೆ ತಿಳಿದಿಲ್ಲ?”

ಗಾಳಿ ನಿಂತಿತು. ದೇವತೆಗಳು ಪುಷ್ಪವೃಷ್ಟಿಗೆ ಬೊಗಸೆ ತುಂಬಿಕೊಂಡರು. ಆಗ ಮೊದಲ ಬೆಂಚಿನಿಂದ ತರಗತಿಯ ಮಾನಿಟರನೇ, ಜಾಣನೆಂದು ಹೆಸರಾದ ಹುಡುಗನೇ, ತಲೆ ತಗ್ಗಿಸಿ ಅರ್ಧ ಕೈ ಎತ್ತಿದ.

“ನನಗ ತಿಳಿದಿಲ್ರಿ ಸರ್.”

ಇಷ್ಟೇ. ಅಷ್ಟೆಲ್ಲ ಗರ್ಜನೆ, ದಾಳಿ, ಬ್ರಹ್ಮಾಸ್ತ್ರಗಳಿಂದ ಗೆದ್ದುಕೊಂಡದ್ದು ಇದೊಂದೇ ಮಾತು. ಫಕ್ಕೀರೇಶನಿಗೆ ಹೇಳಲಾಗದಷ್ಟು ಸಂತೋಷವಾಯಿತು. ಅವನು ಬೋರ್ಡು ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಿದ.