ಮೋಡದಲ್ಲಿ ಹುಳ, ಪೆಟ್ಟಿಗೆಯಲ್ಲಿ ಇಲ್ಲೆ

ಎರಡು ವಸ್ತುಗಳನ್ನು ಒಂದಕ್ಕೊಂದು ಜೋಡಿಸುವ ಯೋಗ ನನ್ನ ಜಾತಕದಲ್ಲಿ ಇಲ್ಲ. ನಾನು ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಲು ಹೊರಟರೆ ಪಕ್ಕದ ಮನೆಯವರು ಮಕ್ಕಳನ್ನು ಕರೆದುಕೊಂಡು ರಸ್ತೆಗೆ ಇಳಿಯುತ್ತಾರೆ. ಒಮ್ಮೆ ಸೋದರಮಾವನ ಮಗನಿಗೆ ಹೆಣ್ಣು ಹೊಂದಿಸಿಕೊಟ್ಟೆ. ಈಗ ಎರಡೂ ಮನೆಯವರು ಊರಿಗೆಲ್ಲ ಊಟಕ್ಕೆ ಹೇಳಿ ನನ್ನನ್ನು ಮಾತ್ರ ಮರೆಯುತ್ತಾರೆ. ಇಂಥ ನನ್ನನ್ನು ಹಿಡಿದು, ಶಿರಸಿಯ ನಮ್ಮ ಜೇನು ಸಾಕುವವರ ಸಂಘ ಒಂದು ಕ್ಲೌಡನ್ನು ಇನ್ನೊಂದು ಕ್ಲೌಡಿಗೆ ಜೋಡಿಸುವ ಕೆಲಸ ಕೊಟ್ಟಿತು. ಅಲ್ಲಿ ನಾನು ಗುಮಾಸ್ತ. ಕಂಪ್ಯೂಟರಿನ ಮುಂದೆ ಕುರ್ಚಿ ಇರುವವನೇ ಕಂಪ್ಯೂಟರ್ ಬಲ್ಲವನು ಎಂಬುದು ಸಂಘದ ನಂಬಿಕೆ.

ವಿಷಯ ಇಷ್ಟೇ. ನಮ್ಮ ಸದಸ್ಯರು ತಮ್ಮ ಜೇನುಪೆಟ್ಟಿಗೆಗಳ ವಿವರವನ್ನು ಫೋನಿನಲ್ಲೇ ಕಳಿಸುತ್ತಾರೆ. ಬೆರಳಲ್ಲಿ ಒತ್ತುತ್ತ ಕೂರಲು ಪುರುಸೊತ್ತು ಯಾರಿಗಿದೆ? ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಅದೆಲ್ಲ ಫೈಲುಗಳಾಗಿ ಒಂದು ಕ್ಲೌಡಿನಲ್ಲಿ ಹೋಗಿ ಕೂತಿರುತ್ತಿತ್ತು. ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಸುಖವಾಗಿದ್ದೆವು. ಅಷ್ಟರಲ್ಲಿ ಹಾವೇರಿ ಕಡೆಯಿಂದ ಬಸನಗೌಡರು ಎಂಬ ಹೊಸ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯ, ಆದರೆ ಹುರುಪು ಜಾಸ್ತಿ. ಈ ಫೈಲುಗಳನ್ನು ವಿಶ್ಲೇಷಣೆ ಮಾಡುವ ಇನ್ನೊಂದು ಕ್ಲೌಡಿಗೆ ಜೋಡಿಸಿದರೆ, ಜೇನುಹುಳ ಇರುವ ಪೆಟ್ಟಿಗೆಗೆ ಹಸಿರು ಚುಕ್ಕೆ, ಖಾಲಿ ಪೆಟ್ಟಿಗೆಗೆ ಕೆಂಪು ಚುಕ್ಕೆ ಪರದೆಯ ಮೇಲೆ ತಾನಾಗಿ ಮೂಡುತ್ತದೆ ಎಂದು ಅವರು ಎಲ್ಲೋ ಕೇಳಿಕೊಂಡು ಬಂದಿದ್ದರು. ಕೆಂಪು ಬಿದ್ದವರಿಗೆ ಹೂವಿನ ಕಾಲ ಶುರುವಾಗುವ ಮೊದಲು ಸಂಘ ಹೊಸ ಕುಟುಂಬ ಕೊಡಬೇಕು. ಕುಟುಂಬ ಎಂದರೆ ಗಾಬರಿಯಾಗಬೇಡಿ, ಜೇನಿನವರ ಮಾತಿನಲ್ಲಿ ಒಂದು ಪೆಟ್ಟಿಗೆಯ ಹುಳಗಳಷ್ಟೇ. ಮನೆಯಲ್ಲಿ ಇರುವ ಒಂದೇ ಕುಟುಂಬವನ್ನು ಸಂಭಾಳಿಸಲಾರದ ನಾನು ಇಷ್ಟೊಂದು ಕುಟುಂಬಗಳ ಉಸ್ತುವಾರಿಗೆ ಕೂತೆ.

ಜೋಡಿಸಲು ಹೋದರೆ ಮೊದಲ ಕ್ಲೌಡು ‘ನಿಮಗೆ ಅನುಮತಿ ಇಲ್ಲ’ ಎಂದಿತು. ಫೈಲು ಇಟ್ಟವನು ನಾನು, ಬೀಗ ಹಾಕಿದವನು ನಾನು, ಅನುಮತಿ ಕೊಡಬೇಕಾದವನೂ ನಾನೇ. ನನಗೆ ನಾನೇ ಅನುಮತಿ ಕೋರಿ ಇಮೇಲ್ ಕಳಿಸಿಕೊಂಡು, ನಾನೇ ಮಂಜೂರು ಮಾಡಿದೆ. ಸರಕಾರಿ ಕಚೇರಿಯಲ್ಲಿ ಕೂಡ ಇಷ್ಟು ಚೆಂದದ ವ್ಯವಸ್ಥೆ ಕಂಡಿಲ್ಲ. ಆಮೇಲೆ ಎರಡನೆಯ ಕ್ಲೌಡು ಫೈಲಿನ ದಾರಿ ಕೇಳಿತು, ಗುಪ್ತ ಕೀಲಿ ಕೇಳಿತು, ಕಡೆಗೆ ಒಂದು ಚಕ್ರ ತಿರುಗಿಸುತ್ತ ಸುಮ್ಮನೆ ಕೂತಿತು. ನನಗೆ ತಲೆ ಕೆಟ್ಟು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದೆ. ತಿರುಗಿ ಬಂದರೆ ಪರದೆಯ ತುಂಬ ಚುಕ್ಕೆಗಳು! ನನ್ನ ಕುರ್ಚಿಯಲ್ಲಿ ಬಸನಗೌಡರು ಕೂತಿದ್ದರು.

“ಒಂದ ಶಬ್ದ ಅದಕ್ಕ ತಿಳಿವಲ್ದಾಗಿತ್ರಿ. ನಾನ ಅರ್ಥ ಹೇಳಿಕೊಟ್ಟೆ, ಕೂಡ್ಕೊಂಡ ಬಿಡ್ತು ನೋಡ್ರಿ!”

ಯಾವ ಶಬ್ದ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವರು ಅಧ್ಯಕ್ಷರ ಮುಂದೆ “ಎಲ್ಲಾ ಇವರ ಸಾಧನಾ” ಎಂದಾಗ ಕತ್ತು ಬಗ್ಗಿಸಿ ನಾಚಿಕೊಳ್ಳುವುದರಲ್ಲಿ ಮೈಮರೆತಿದ್ದೆ. ನಮ್ಮ ಸದಸ್ಯರು ಹೆಚ್ಚಿರುವ ಬಿಳಗಿಯ ಸುತ್ತ ಪೂರಾ ಹಸಿರು. ಕೋಲಸಿರ್ಸಿಯ ಒಂದಿಬ್ಬರಿಗೆ ಮಾತ್ರ ಕೆಂಪು. ಹಾಗಾಗಿ ಅವರಿಗೆ ಕೊಟ್ಟು ಉಳಿದ ಕುಟುಂಬಗಳನ್ನೆಲ್ಲ ಸೋಮವಾರ ಬೆಳಿಗ್ಗೆ ಯಲ್ಲಾಪುರದ ಶಾಖೆಗೆ ಕಳಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಬಿಳಗಿಯ ಭಾಗೀರಥಕ್ಕ ಫೋನ್ ಮಾಡಿದಳು. ಗಂಡ ತೀರಿಕೊಂಡ ಮೇಲೆ ಜೇನು ಮಾರಿಯೇ ಮನೆ ನಡೆಸುತ್ತಿರುವವಳು. ಹಿಂದಿನ ಮಳೆಗಾಲದಲ್ಲಿ ರೋಗ ಬಂದು ಅವಳ ಹುಳಗಳೆಲ್ಲ ಸತ್ತಿದ್ದವು.

“ಈ ಸಲ ಯಂಗೆ ಹುಳ ಇಲ್ಲೆ ಹೇಳಿ ಮೆಸೇಜ್ ಬಂತಲ, ಎಂತಕ್ಕೆ?”

ನಾನು ತಜ್ಞನ ಗತ್ತಿನಲ್ಲಿ, ನಿನ್ನ ಪೆಟ್ಟಿಗೆಗಳೆಲ್ಲ ತುಂಬಿವೆ ಎಂದು ದತ್ತಾಂಶ ಹೇಳುತ್ತದೆ, ಕ್ಲೌಡಿನಲ್ಲಿ ಹಸಿರು ಬಂದಿದೆ, ಹಾಗಾಗಿ ನಿನಗೆ ಹೊಸ ಹುಳ ಕೊಡುವುದಿಲ್ಲ ಎಂದು ವಿವರಿಸಿದೆ.

“ನಿಂಗಳ ಮೋಡದಲ್ಲಿ ಹುಳ ಇಕ್ಕು ಮಾರಾಯಾ. ಯನ್ನ ಪೆಟ್ಟಿಗೇಲಿ ಇಲ್ಲೆ.”

ಇಲ್ಲೆ! ತೋಟದ ಮನೆಗಳ ನಮ್ಮ ಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಹುಳ ಇದೆಯೇ ಎಂಬ ಪ್ರಶ್ನೆಗೆ ಇವರೆಲ್ಲ ಬಾಯ್ತುಂಬ ‘ಇಲ್ಲೆ’ ಎಂದಿದ್ದಾರೆ, ಫೋನು ಕೇಳಿದ ಹಾಗೆಯೇ ಬರೆದುಕೊಂಡಿದೆ. ಲ್ಯಾಪ್‌ಟಾಪ್ ತೆರೆದು ನೋಡಿದೆ. ಹಾವೇರಿಯ ಕಿವಿಗೆ ಅದು ‘ಇಲ್ಲೇ ಅದಾವು’ ಎಂದು ಕೇಳಿಸಿ, ‘ಇಲ್ಲೆ’ಯ ಎದುರಿಗೆ ‘ಹೌದು’ ಕೂತಿತ್ತು. ಅಚ್ಚುಕಟ್ಟಾಗಿ ‘ಇಲ್ಲ’ ಎಂದ ಕೋಲಸಿರ್ಸಿಯವರು ಮಾತ್ರ ಬಚಾವಾಗಿದ್ದರು.

ತಕ್ಷಣ ಮ್ಯಾನೇಜರಿಗೆ ಹೇಳಬೇಕಿತ್ತು. ಆದರೆ ಹೇಳುವುದೇನು? ನೀವು ನನ್ನದೆಂದ ಸಾಧನೆಯನ್ನು ನಾನು ತೆರೆದೂ ನೋಡಿರಲಿಲ್ಲ, ಹೊಗಳಿಕೆ ಮಾತ್ರ ತೆಗೆದುಕೊಂಡೆ ಎಂದೇ? ಭಾಗೀರಥಕ್ಕನ ದನಿ ಕಿವಿಯಲ್ಲೇ ಇತ್ತು, ಸಂಕಟವಾಗುತ್ತಿತ್ತು. ಆದರೂ ಫೋನ್ ಎತ್ತಿಕೊಳ್ಳುವುದು, ಇಡುವುದು. ಇದೇ ನಡೆದಿರುವಾಗ ಗೇಟಿನ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಸಾಕ್ಷಾತ್ ಬಸನಗೌಡರು, ಕೈಯಲ್ಲಿ ಪೇಡೆಯ ಪೊಟ್ಟಣ. ನನ್ನ ಸಾಧನೆಗೆ! ಹೆಂಡತಿ ಸಾವಿತ್ರಿಗೆ “ಆನು ಇಲ್ಲೆ ಹೇಳು” ಎಂದವನೇ ಮನೆಯ ಪಕ್ಕದ ಬಚ್ಚಲುಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡೆ.

“ಸಾಹೇಬ್ರು ಅದಾರೇನ್ರಿ?”

“ಇಲ್ಲೆ,” ಎಂದಳು ಸಾವಿತ್ರಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಇನ್ನಷ್ಟು ಗಟ್ಟಿಯಾಗಿ, “ಇಲ್ಲೆ, ಇಲ್ಲೆ,” ಎಂದಳು.

“ಇಲ್ಲೇ ಅದಾರಾ? ಚಲೋ ಆತು ಬಿಡ್ರಿ. ಕಾಲ ತೊಳಕೊಂಡ ಒಳಗ ಬರ್ತೇನಿ.”

ಬಚ್ಚಲುಮನೆಯ ಬಾಗಿಲು ತೆರೆಯಿತು. ಇಬ್ಬರೂ ಮುಖಾಮುಖಿಯಾದೆವು. ಬೇರೇನೂ ತೋಚದೆ, “ಬರ್ರಿ ಸರ್,” ಎಂದು ಅವರದೇ ಮಾತಿನಲ್ಲಿ ಸ್ವಾಗತಿಸಿ ಚೊಂಬು ನೀರು ಕೊಟ್ಟೆ.

ಅವರು ಕಾಲು ತೊಳೆಯುತ್ತಿರುವಾಗಲೇ ಕೇಳಿದೆ: “ಸರ್, ನನ್ನ ಹೆಂಡತಿ ಈಗ ಏನಂದಳು?”

“ಇಲ್ಲೆ ಅಂದ್ರು.”

“ಅಂದರೆ?”

ಚೊಂಬು ಅರ್ಧದಲ್ಲೇ ನಿಂತಿತು. ಬಚ್ಚಲುಮನೆ, ಬಾಗಿಲು, ನನ್ನ ಬೆವರಿದ ಮುಖ ಎಲ್ಲವನ್ನೂ ಒಂದೊಂದಾಗಿ ನೋಡಿದರು. “ಹಂಗಾರ... ಬಿಳಗ್ಯಾಗ ಹುಳಾನೂ...” ಎಂದವರೇ ಒದ್ದೆ ಕಾಲಲ್ಲೇ ಹೊರಗೆ ಹೋಗಿ ಯಲ್ಲಾಪುರದ ಗಾಡಿ ನಿಲ್ಲಿಸಲು ಫೋನ್ ಮಾಡಿದರು. ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪೇಡೆಯನ್ನು ಮಾತ್ರ ನನಗೆ ಕೊಡದೆ ಸಾವಿತ್ರಿಯ ಕೈಗೆ ಕೊಟ್ಟರು. ಶಬ್ದದ ಅರ್ಥ ಕಲಿಸಿದ್ದು ಅವಳೇ ಅಲ್ಲವೇ?

ಭಾಗೀರಥಕ್ಕನಿಗೆ ಹುಳ ಸಿಕ್ಕಿತು. ಕ್ಲೌಡೂ ಈಗ ನಮ್ಮ ಮಾತು ಕಲಿತಿದೆ. ನನ್ನದೇ ಫಜೀತಿ. ರಜೆಯ ದಿನ ಬಸನಗೌಡರ ಫೋನ್ ಬಂದರೆ ಸಾವಿತ್ರಿ ಎಂದಿನಂತೆ “ಇಲ್ಲೆ” ಎನ್ನುತ್ತಾಳೆ. ಅವರು ಆ ಕಡೆಯಿಂದ ನಗುತ್ತಾರೆ.

“ಇಲ್ಲೆ ಅಂದ್ರ ಇಲ್ಲ ಅಂತ ನನಗ ಈಗ ಗೊತ್ತೈತ್ರಿ ವೈನಿ. ಬಚ್ಚಲದಾಗಿಂದ ಹೊರಗ ಬರಾಕ ಹೇಳ್ರಿ.”