ಮಂಜಿನ ಅಪ್ಪ ಹೇಳಿದ ಮಾತು

ಗುಮ್ಮಳಾಪುರದ ಮುನೀಶನ ಮಗಳು ಗಂಗುವಿಗೆ ನಾಲ್ಕು ವರ್ಷ ತುಂಬಿದರೂ ಕಿವಿ ಚುಚ್ಚಿಸಿರಲಿಲ್ಲ. ಓಲೆ ಇರಲಿಲ್ಲವೆಂದಲ್ಲ, ಚುಚ್ಚುವ ಆಚಾರಿ ಸಿಗಲಿಲ್ಲವೆಂದಲ್ಲ. ಕೂರಿಸಿಕೊಳ್ಳುವ ತೊಡೆ ಒಂದು ಹೆಚ್ಚಾಗಿತ್ತು.

ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಗಂಗುವಿಗೆ ಸೋದರಮಾವಂದಿರು ಇಬ್ಬರು. ದೊಡ್ಡವನು ಅಶ್ವತ್ಥಪ್ಪ, ರಾಯಕೋಟೆಯ ಹತ್ತಿರ ಟೊಮೆಟೊ ಬೆಳೆಯುವವನು. ಚಿಕ್ಕವನು ಭೈರೇಶ್, ಹೆಂಡತಿಯ ಊರಾದ ನಾಟ್ರಾಂಪಾಳ್ಯದಲ್ಲಿ ರಾಗಿ ಹೊಲ ನೋಡಿಕೊಂಡಿರುವವನು. ಮೂರು ವರ್ಷದ ಹಿಂದೆ ಅವರ ಅಪ್ಪ ಮುನಿಶಾಮಿ ಪ್ರಾಣ ಬಿಡುವಾಗ ಮಕ್ಕಳು ಮಂಚದ ಆಚೆಗೊಬ್ಬ ಈಚೆಗೊಬ್ಬ ನಿಂತಿದ್ದರು. "ಮಗೂನ ನಿನ್ ತೊಡೆ ಮ್ಯಾಲೇ ಕೂರಿಸ್ಕೊಂಡು ಕಿವಿ ಚುಚ್ಚಿಸ್ಲಾ" ಎಂದು ಮುದುಕ ಕಣ್ಣು ಮುಚ್ಚಿದ. ಮುದುಕನದು ಮಾಲುಗಣ್ಣು. ಬದುಕಿದ್ದಾಗಲೇ ಅವನು ಯಾರನ್ನು ನೋಡಿ ಮಾತಾಡುತ್ತಿದ್ದಾನೆಂದು ತಿಳಿಯದೆ ಎದುರಿಗಿದ್ದವರು ಹಿಂದೆ ತಿರುಗಿ ನೋಡುತ್ತಿದ್ದರು. ನನ್ನನ್ನೇ ನೋಡಿ ಹೇಳಿದ್ದೆಂದು ದೊಡ್ಡವನು, ಇಲ್ಲ ನನ್ನನ್ನು ಎಂದು ಚಿಕ್ಕವನು. ಹನ್ನೊಂದನೆಯ ದಿನದಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ.

ಆಚಾರಿ ಎರಡು ಸಲ ಬಂದು ಪೆಟ್ಟಿಗೆ ಬಿಚ್ಚದೆ ಹೋಗಿದ್ದ. ಈಗ ಮೂರನೆಯ ಸಲ ಬುಧವಾರಕ್ಕೆ ಹೇಳಿತ್ತು. ಭಾನುವಾರ ಬೆಳಿಗ್ಗೆ ಮುನೀಶನ ಹೆಂಡತಿ ಸುಗುಣಾ ಅವರೆಕಾಳು ಹಿತುಕುತ್ತಾ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

"ನೋಡ್ರಿ, ನಮ್ಮಣ್ಣಂದ್ರು ಇಬ್ರೂ ಒಪ್ಪಿ ಬಂದು ನಿಂತ್ಕಂಡ್ರೆ ಸರಿ. ಒಬ್ಬ ಬಂದು ಒಬ್ಬ ಬರ್ದಿದ್ರೆ ನಾನು ಮಗೂನ ಕೊಡಾಕಿಲ್ಲ. ಇಸ್ಕೂಲಿಗೆ ಬೋಳುಗಿವೀಲೇ ಹೋಗ್ಲಿ. ನಮ್ಮಪ್ಪ ಹೋದ ಮ್ಯಾಲೆ ಅವ್ರಿಬ್ರೂ ಒಂದು ಸಾಲ್ನಾಗೆ ಕುಂತು ಉಂಡಿದ್ದು ನೋಡಿಲ್ಲ ನಾನು."

ಮುನೀಶ ಜೇಬು ಮುಟ್ಟಿ ನೋಡಿಕೊಂಡ. ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಹೊಸೂರಿನ ಫ್ಯಾಕ್ಟರಿಯಲ್ಲಿ ಅವನ ಜೊತೆ ಶಿಫ್ಟು ಮಾಡುವ ಯತಿರಾಜ್ ಕೊಟ್ಟಿದ್ದು. "ಬೊಂಬೆ ಸಿನಿಮಾ ಕಣೋ. ಅಪ್ಪನ್ನ ಕಳ್ಕೊಂಡ ಅಣ್ಣತಮ್ಮಂದ್ರ ಕತೆ. ನಮ್ಮಾವ ಇದನ್ನ ನೋಡಿ ಎಂಟು ವರ್ಷದಿಂದ ಮಾತಾಡ್ದಿದ್ದ ತಮ್ಮನ್ನ ತಬ್ಕೊಂಡು ಅತ್ತ. ತಮಿಳಲ್ಲೇ ಐತೆ, ಎಲ್ರಿಗೂ ಅರ್ಥ ಆಗ್ತದೆ" ಎಂದಿದ್ದ.

ಮುನೀಶ ಬಾವಂದಿರಿಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿದ. ಊಟಕ್ಕೆ ಬಾ, ಹಿತುಕಿದ ಬೇಳೆ ಸಾರು ಎಂದ. ಇನ್ನೊಬ್ಬನ ಸುದ್ದಿ ಎತ್ತಲಿಲ್ಲ.

ಅಶ್ವತ್ಥಪ್ಪ ಒಂದು ಚೀಲ ಟೊಮೆಟೊ ಹೊತ್ತು ಬಸ್ಸಿನಲ್ಲಿ ಬಂದ. ಹತ್ತು ನಿಮಿಷ ಬಿಟ್ಟು ಭೈರೇಶ್ ಬೈಕಿನಲ್ಲಿ ಬಂದ. ಬಾಗಿಲಲ್ಲಿ ಅಣ್ಣನ ಚಪ್ಪಲಿ ಕಂಡದ್ದೇ ತಡ, ಹಾವು ಕಂಡವನಂತೆ ಹಿಂದಕ್ಕೆ ಸರಿದ. ಆದರೆ ಪಕ್ಕದ ಮನೆಯ ನರಸಮ್ಮ ಆಗಲೇ ಅವನ ಬೈಕಿನ ಕೀಲಿ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಾಗಿತ್ತು.

"ಉಣ್ದೆ ಹೋದ್ರೆ ತಂಗಿ ಅಳ್ತಾಳೆ, ಕುಂತ್ಕೋ ಕಣ್ಲಾ."

"ಕುಂತ್ಕೋತೀನಿ ನರ್ಸಕ್ಕ. ಹೊಸ್ತಿಲು ಮಾತ್ರ ದಾಟಾಕಿಲ್ಲ."

ಹೀಗಾಗಿ ಅಣ್ಣ ಒಳಗೆ ಕುರ್ಚಿಯ ಮೇಲೆ, ತಮ್ಮ ಹೊರಗೆ ಜಗಲಿಯ ಮೇಲೆ. ಮುನೀಶ ಟೀವಿಯನ್ನು ಕಿಟಕಿಯಿಂದಲೂ ಕಾಣುವಂತೆ ಓರೆ ಮಾಡಿದ. ಟೀವಿ ಓರೆಯಾದದ್ದು ಕಂಡು, ಯಾಕೆಂದು ತಿಳಿಯಲು ಬೀದಿಯವರು ಒಬ್ಬೊಬ್ಬರಾಗಿ ಬಂದರು. ಎದುರು ಮನೆಯ ಬಚ್ಚಪ್ಪ ತಾತ ಮುಂದೆಯೇ ಕುಕ್ಕರುಗಾಲಲ್ಲಿ ಕೂತ.

ಸಿನಿಮಾ ಶುರುವಾಯಿತು. ಮೊದಲ ಮಾತು ಕಿವಿಗೆ ಬಿದ್ದದ್ದೇ ಮುನೀಶ ಪೆನ್‌ಡ್ರೈವಿನ ಕಡೆ ನೋಡಿದ. ತಮಿಳಲ್ಲ, ಇಂಗ್ಲಿಷು!

"ಇದೇನು, ದೊರೆಗಳ ಭಾಷೆ?" ಅಶ್ವತ್ಥಪ್ಪ ಏಳುವವನಂತೆ ಮಂಡಿಯ ಮೇಲೆ ಕೈಯೂರಿದ.

"ಇದ್ರೇನು? ಮುನೀಶ ಅವ್ನಲ್ಲಾ, ಬಿಡಿಸಿ ಹೇಳ್ತಾನೆ" ಎಂದಳು ನರಸಮ್ಮ.

ಆ ಊರಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬರದವರು ಯಾರೂ ಇಲ್ಲ. ನಾಲ್ಕನೆಯದು ಬರುವವನು ಮುನೀಶ ಒಬ್ಬನೇ ಎಂದು ಊರು ನಂಬಿತ್ತು. ಡೆಲ್ಲಿಯಿಂದ ಬರುವ ಆಫೀಸರುಗಳ ಜೊತೆ ತಾನೇ ಮಾತಾಡುವುದೆಂದು ಅವನೇ ನಂಬಿಸಿದ್ದ. ಮಾತಾಡುತ್ತಿದ್ದದ್ದೂ ನಿಜವೇ. 'ಯೆಸ್ ಸಾರ್' ಎನ್ನುವುದರಲ್ಲಿ ಅವನಿಗೆ ಆರು ಬಗೆ ಗೊತ್ತಿತ್ತು.

ಈಗ ಇಲ್ಲವೆಂದರೆ ಮರ್ಯಾದೆಯೂ ಹೋಯಿತು, ಬುಧವಾರವೂ ಹೋಯಿತು. ಮುನೀಶ ಗಂಟಲು ಸರಿಮಾಡಿಕೊಂಡ.

ಪರದೆಯ ಮೇಲೆ ತಲೆಗೆ ಪುಟ್ಟ ಕೊಂಬಿರುವ ಇಬ್ಬರು ಹುಡುಗರು, ಒಬ್ಬ ದಪ್ಪ, ಒಬ್ಬ ಸಣ್ಣ, ಗೋಡೆಯ ಮೇಲಿನ ಪಟದ ಮುಂದೆ ತಲೆ ತಗ್ಗಿಸಿ ನಿಂತಿದ್ದರು. "ಅಪ್ಪ ಹೋಗ್ಬುಟ್ಟವ್ನೆ. ಇವ್ರು ಅಣ್ಣತಮ್ಮಂದ್ರು" ಎಂದ ಮುನೀಶ. ಇಷ್ಟು ಯತಿರಾಜ್ ಹೇಳಿದ್ದು. ಮುಂದಕ್ಕೆ ದೇವರೇ ಗತಿ.

"ಕೊಂಬು ಯಾಕೈತೆ?" ಬಚ್ಚಪ್ಪ ತಾತ ಕೇಳಿದ.

"ಅವ್ರ ಕುಲದಾಗೆ ಹಂಗೇ ತಾತ."

"ಅಣ್ಣ ಯಾವನು?" ಅಶ್ವತ್ಥಪ್ಪ ಕೇಳಿದ.

"ದಪ್ಪಗವ್ನಲ್ಲಾ, ಅವ್ನೇ, ದೊಡ್ಬಾವ."

ಹಾಗೆಂದ ಗಳಿಗೆಯಲ್ಲೇ ದಪ್ಪನವನು ಕಾಲು ಜಾರಿ ಕೆಸರಿನ ಹೊಂಡಕ್ಕೆ ತಲೆಕೆಳಗಾಗಿ ಬಿದ್ದ. ಕಿಟಕಿಯ ಆಚೆ ಭೈರೇಶ್ ಕಿಸಕ್ಕನೆ ನಕ್ಕ. ಅಶ್ವತ್ಥಪ್ಪನ ಮುಖ ಕೆಂಪಾಯಿತು.

"ಅಯ್ಯೋ, ತಪ್ಪಿ ಅಂದ್ಬುಟ್ಟೆ. ಸಣ್ಣಗಿರೋನೇ ಅಣ್ಣ, ದಪ್ಪಗಿರೋನು ತಮ್ಮ!"

"ಹಂಗಾದ್ರೆ ಹೊಂಡಕ್ಕೆ ಬಿದ್ದೋನು ನಾನಾ ಬಾವ?" ಭೈರೇಶ್ ಜಗಲಿಯಿಂದ ಎದ್ದ.

"ಪೂರ್ತಿ ಕೇಳು ಚಿಕ್ಬಾವ! ಇಬ್ರೂ ಅವಳಿ. ಯಾರು ಮೊದ್ಲು ಹುಟ್ಟಿದ್ದು ಅಂತ ಅವ್ರಿಗೇ ಗೊತ್ತಿಲ್ವಂತೆ."

ಭೈರೇಶ್ ಮತ್ತೆ ಕೂತ. ಅಷ್ಟರಲ್ಲಿ ಕನ್ನಡಕ ಹಾಕಿದ ಒಂದು ಮುದಿ ಆಮೆ ಹುಡುಗರಿಗೆ ರೊಟ್ಟಿ ಕೊಟ್ಟಿತು. ತಾಯಿ ಎಂದ ಮುನೀಶ. ಮರುಕ್ಷಣವೇ ಆಮೆ ಇಬ್ಬರನ್ನೂ ಬೋನಿಗೆ ತಳ್ಳಿ ಬೀಗ ಹಾಕಿತು.

"ಹೆತ್ತೋಳು ಬೋನಿಗೆ ಹಾಕ್ತಾಳೇನ್ಲಾ?" ನರಸಮ್ಮ ಗದರಿದಳು.

"ಮಲತಾಯಿ ಕಣಕ್ಕ."

ಮತ್ತೆ ಎರಡೇ ನಿಮಿಷಕ್ಕೆ ಆಮೆ ಅಳುತ್ತಾ ಬೀಗ ತೆಗೆದು, ಹುಡುಗರ ಕೈಗೆ ಒಂದು ದಾರದ ಉಂಡೆ ಕೊಟ್ಟು, ದೂರದ ಬೆಟ್ಟ ತೋರಿಸಿತು. "ಮನ್ಸು ಬದ್ಲಾಯಿಸ್ಕೊಂಡ್ಳು" ಎಂದ ಮುನೀಶ.

"ಇಷ್ಟು ಬಿರ್ನೆ ಬದ್ಲಾಯಿಸೋ ಮಲತಾಯಿನ ನಾನು ಎಲ್ಲೂ ಕಂಡಿಲ್ಲಪ್ಪ" ಎಂದ ಬಚ್ಚಪ್ಪ ತಾತ. ಆದರೂ ಕಣ್ಣು ಕದಲಿಸಲಿಲ್ಲ. ಬೆಟ್ಟದ ತುದಿಯಲ್ಲಿ ಏನಿದೆ ಎಂಬುದು ಈಗ ಎಲ್ಲರಿಗೂ ಬೇಕಾಗಿತ್ತು. ಎಲ್ಲರಿಗಿಂತ ಹೆಚ್ಚಾಗಿ ಮುನೀಶನಿಗೇ ಬೇಕಾಗಿತ್ತು.

ಹುಡುಗರು ಜಗಳವಾಡುತ್ತಾ, ಬೀಳುತ್ತಾ, ಒಬ್ಬರನ್ನೊಬ್ಬರು ಎಳೆಯುತ್ತಾ ಬೆಟ್ಟ ಹತ್ತಿದರು. ತುದಿಯಲ್ಲಿ ಮನೆಯಷ್ಟು ದೊಡ್ಡ ಗಂಟೆ. ಇಬ್ಬರೂ ಸೇರಿ ಹೊಡೆದಾಗ ಕಣಿವೆಯ ಮಂಜೆಲ್ಲ ಮೇಲೆದ್ದು ಒಂದು ಆಳಿನ ಆಕಾರವಾಯಿತು. ಅಗಲ ಭುಜ, ಬಾಗಿದ ಕೊಂಬು, ಪಟದಲ್ಲಿದ್ದ ಅದೇ ಮುಖ.

"ಅಪ್ಪ!" ಎಂದಳು ಸುಗುಣಾ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ.

ಮಂಜಿನ ಅಪ್ಪ ಬಗ್ಗಿ ಮಕ್ಕಳಿಗೆ ಏನೋ ಹೇಳತೊಡಗಿದ. ಹೇಳಿದ, ಹೇಳಿದ, ಹೇಳುತ್ತಲೇ ಇದ್ದ. ಹೇಳುತ್ತಾ ಹೇಳುತ್ತಾ ಕರಗಿಹೋದ. ಕೊಂಬಿನ ಹುಡುಗರು ತಬ್ಬಿಕೊಂಡು ಅತ್ತರು.

"ಏನಂದ್ಲಾ ಅಪ್ಪ?" ಎಂದು ಅಶ್ವತ್ಥಪ್ಪ ಕೇಳಿದ. ಕುರ್ಚಿಯ ತುದಿಗೆ ಬಂದಿದ್ದ.

"ಏನಂದ ಬಾವ?" ಭೈರೇಶ್ ಕಿಟಕಿಯ ಸರಳು ಹಿಡಿದಿದ್ದ.

ಮುನೀಶ ಯೋಚಿಸಿದ. ಇಬ್ಬರಲ್ಲಿ ಒಬ್ಬ ಸೋತರೆ ತನ್ನ ಕೆಲಸ ಆದಂತೆ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ: "'ನಿಮ್ಮಿಬ್ರಲ್ಲಿ ಯಾವನು ಬಿಟ್ಟುಕೊಡ್ತಾನೋ ಅವನೇ ನನ್ನ ಮಗ' ಅಂದ."

"ಅಷ್ಟುದ್ದ ಮಾತಾಡಿ ಇಷ್ಟೇನಾ ಅಂದಿದ್ದು?" ಬಚ್ಚಪ್ಪ ತಾತ ಕೇಳಿದ.

"ಇಂಗ್ಲೀಸು ಉದ್ದ ತಾತ, ಕನ್ನಡ ಗಿಡ್ಡ."

ಆದರೆ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಭೈರೇಶ್ ಹೊಸ್ತಿಲು ದಾಟಿ ಒಳಗೆ ಬಂದಿದ್ದ. ಅಶ್ವತ್ಥಪ್ಪ ಕುರ್ಚಿ ಬಿಟ್ಟು ಎದ್ದಿದ್ದ. "ಅಣ್ಣಾ" ಎಂದನೊಬ್ಬ, "ಬಾರ್ಲಾ" ಎಂದನೊಬ್ಬ. ಮೂರು ವರ್ಷದ ಅಳು ಒಟ್ಟಿಗೆ ಬಂದದ್ದು ನೋಡಿ ಗಂಗು ಹೆದರಿ ತಾನೂ ಅತ್ತಳು. ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಬೈಕಿನ ಕೀಲಿಯಿಂದ ರೆಪ್ಪೆ ತರಚಿಕೊಂಡಳು.

ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂತು ಉಂಡರು. ಸುಗುಣಾ ಬೇಡವೆಂದರೂ ಸಾರು ಹುಯ್ದಳು. ಗಂಡನ ಕಡೆಗೂ ಒಂದು ಸಲ ನಕ್ಕಳು. ಮುನೀಶ ಎದೆ ಉಬ್ಬಿಸಿ, ಕೈ ತೊಳೆದು ಬಂದು ಕೇಳಿದ:

"ಹಂಗಾದ್ರೆ ಬುಧ್ವಾರ ಯಾರ ತೊಡೆ?"

"ಕೇಳೋದೇನು? ನನ್ ತಮ್ಮನ ತೊಡೆ" ಎಂದ ಅಶ್ವತ್ಥಪ್ಪ.

"ಛೆ ಛೆ! ದೊಡ್ಡೋನು ಅವ್ನೆ. ಅಣ್ಣನ ತೊಡೆ" ಎಂದ ಭೈರೇಶ್.

"ಬಿಟ್ಟುಕೊಟ್ಟಾಯ್ತು ನಾನು. ತಿರುಗಿ ತಕ್ಕಳಾಕಿಲ್ಲ."

"ನೀನ್ ಬಿಟ್ಟುಕೊಡೋಕೆ ಮುಂಚೆ ಮನಸ್ನಾಗೆ ಬಿಟ್ಟುಕೊಟ್ಟೋನು ನಾನು!"

"ಓಹೋ, ನಾನು ತಕ್ಕಂಡು, ನೀನು ಬಿಟ್ಟುಕೊಟ್ಟೋನು ಅನ್ನಿಸ್ಕೊಬೇಕಾ? ಅಪ್ಪಂಗೆ ನೀನೊಬ್ನೇ ಮಗನೇನ್ಲಾ?"

"ಮತ್ತೆ ನೀನೊಬ್ನೇನಾ?"

ಮುನೀಶ ನಡುವೆ ಹೋಗಿ ನಿಂತ. "ಬಾವ, ಕಿವಿ ಎರಡವೆ. ಬಲಗಿವಿ ಒಬ್ರ ತೊಡೆ ಮ್ಯಾಲೆ, ಎಡಗಿವಿ ಒಬ್ರ ತೊಡೆ ಮ್ಯಾಲೆ."

ಇಬ್ಬರೂ ಒಂದು ಗಳಿಗೆ ಯೋಚಿಸಿದರು.

"ಬಲಗಿವಿ ತಮ್ಮಂದು" ಎಂದ ಅಶ್ವತ್ಥಪ್ಪ.

"ಸುಟ್ರೂ ಆಗಾಕಿಲ್ಲ. ಬಲಗಿವಿ ಅಣ್ಣಂದು!"

ಐದು ನಿಮಿಷದಲ್ಲಿ ಅಶ್ವತ್ಥಪ್ಪ ಬಸ್ಸಿನ ಕಡೆ ನಡೆದ. ಭೈರೇಶ್ ನರಸಮ್ಮನಿಂದ ಕೀಲಿ ಕಿತ್ತುಕೊಂಡು ಬೈಕಿನ ಕಿಕ್ ಒದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆ ಖಾಲಿಯಾಯಿತು. ಸುಗುಣಾ ಎಲೆ ಎತ್ತುತ್ತಾ, ಗಂಡನನ್ನು ನೋಡದೆ ಕೇಳಿದಳು.

"ಆ ಅಪ್ಪ ನಿಜ್ವಾಗ್ಲೂ ಹಂಗೇ ಅಂದ್ನಾ?"

ಮುನೀಶ ಆರಿದ ಟೀವಿಯ ಕಡೆ ನೋಡಿದ. ಅದನ್ನು ತಿಳಿಯಬೇಕೆಂದು ಅವನಿಗೂ ಬಹಳ ಆಸೆಯಿತ್ತು. ಜಗಲಿಗೆ ಬಂದು ಆಚಾರಿಗೆ ಫೋನು ಮಾಡಿದ.

"ಬುಧ್ವಾರ ಬರಬ್ಯಾಡಿ ಸ್ವಾಮಿ."

"ಮತ್ತೆ ನಿಂತೋಯ್ತಾ? ಆ ಅಣ್ಣತಮ್ಮಂದ್ರ ಹಟ ಇನ್ನೂ ಬಿಟ್ಟಿಲ್ವಾ?"

"ಬಿಟ್ಟುಬುಟ್ರು ಸ್ವಾಮಿ" ಎಂದ ಮುನೀಶ. "ಅದಕ್ಕೇ ನಿಂತೋಯ್ತು."